ಮೊದಲು ಸೀಲಿಂಗ್ ತಟ್ಟಿ ನೋಡಿ, ಆಮೇಲೆ ಪೋಲ್ ತರಿಸಿ

ಪೋಲ್ ಡ್ಯಾನ್ಸ್, ಅಂದರೆ ನೆಟ್ಟಗೆ ನಿಲ್ಲಿಸಿದ ಲೋಹದ ಕಂಬ ಹಿಡಿದು ಹತ್ತುವ, ಸುತ್ತುವ ನೃತ್ಯ, ಕಲಿಯಲು ಶುರು ಮಾಡಿ ಐದು ತಿಂಗಳಾಗಿತ್ತು. ವಾರಕ್ಕೆರಡು ಕ್ಲಾಸ್ ಸಾಲದು ಅನ್ನಿಸಿ ಮನೆಯಲ್ಲೇ ಒಂದು ಪೋಲ್ ಹಾಕೋಣ ಅಂದುಕೊಂಡೆ. ಯಾವ ಅಳತೆ, ಯಾವ ಲೋಹ, ಬೆಲೆ ಎಷ್ಟು ಎಂದು ಒಂದು ತಿಂಗಳು ತಲೆ ಕೆಡಿಸಿಕೊಂಡೆ. ತಲೆ ಎತ್ತಿ ಸೀಲಿಂಗ್ ನೋಡಿದ್ದು ಮಾತ್ರ ಪಾರ್ಸೆಲ್ ಬಂದ ದಿನ. ಹಾಲ್‌ಗೆ ಪೂರ್ತಿ ಜಿಪ್ಸಮ್ ಸೀಲಿಂಗ್! ನಾಲ್ಕು ದಿನ ಆ ಪೆಟ್ಟಿಗೆ ಸೋಫಾ ಹಿಂದೆ ಮಲಗಿತ್ತು. ಕೊನೆಗೆ ಪೋಲ್ ನಿಂತಿದ್ದು ಬೆಡ್‌ರೂಮಿನಲ್ಲಿ. ಮಂಚ ಹಾಲ್‌ಗೆ ಬಂತು.

ನೀವು ಹಾಗೆ ಮಾಡಬೇಡಿ. ಪೋಲ್ ಡ್ಯಾನ್ಸ್‌ಗೆ ತೋಳಿನ ಬಲವೇ ಎಲ್ಲ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಬಲ ಬೇಕು, ನಿಜ. ಅದಕ್ಕಿಂತ ಮೊದಲು ಹಿಡಿತ ಬೇಕು. ಪೋಲ್ ಮನೆಯನ್ನು ಹಿಡಿದು ನಿಂತಿರಬೇಕು, ನಿಮ್ಮ ಚರ್ಮ ಪೋಲನ್ನು ಹಿಡಿದಿರಬೇಕು. ಇವೆರಡು ಸರಿಯಿಲ್ಲದಿದ್ದರೆ ಜಿಮ್‌ನಲ್ಲಿ ನೂರು ಕೆಜಿ ಎತ್ತುವ ಹುಡುಗನೂ ಸರ್ರನೆ ಜಾರಿ ಕೆಳಗೆ ಬರುತ್ತಾನೆ. ಇನ್ನೊಂದು ಮಾತು. ಮೊದಲ ಎರಡು ಮೂರು ತಿಂಗಳನ್ನು ಸ್ಟುಡಿಯೋದಲ್ಲಿ, ಟೀಚರ್ ಕಣ್ಣೆದುರೇ ಕಳೆಯಿರಿ. ಮನೆಯ ಪೋಲ್ ಅಭ್ಯಾಸಕ್ಕೆ ಇರಲಿ, ಅಕ್ಷರಾಭ್ಯಾಸಕ್ಕೆ ಬೇಡ.

ಎಲ್ಲಿ ನಿಲ್ಲಿಸುವುದು

ಮನೆಗೆ ತರುವ ಪೋಲ್‌ಗಳಲ್ಲಿ ಹೆಚ್ಚಿನವು ಒತ್ತಡದ ಮೇಲೆ ನಿಲ್ಲುತ್ತವೆ. ಡ್ರಿಲ್ ಇಲ್ಲ, ಸ್ಕ್ರೂ ಇಲ್ಲ. ಬುಡ ತಿರುಗಿಸಿದಂತೆ ಪೋಲ್ ಉದ್ದವಾಗುತ್ತದೆ. ಮೇಲಿನ ತಟ್ಟೆ ಸೀಲಿಂಗನ್ನು ಅದುಮುತ್ತದೆ, ಕೆಳಗಿನದು ನೆಲವನ್ನು. ಕಾರಿಗೆ ಜಾಕ್ ಕೊಟ್ಟ ಹಾಗೆ. ಜಾಕ್‌ನ ಮೇಲೆ ಕಾರಿನ ಬದಲು ರಟ್ಟಿನ ಪೆಟ್ಟಿಗೆ ಇದ್ದರೆ ಏನಾಗುತ್ತದೆ? ಜಿಪ್ಸಮ್, ಪಿಒಪಿ ಸೀಲಿಂಗಿಗೆ ಆಗುವುದೂ ಅದೇ. ಹಾಗಾಗಿ ಸ್ಟೂಲ್ ಹತ್ತಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಕೈಗೆ ಬಂಡೆ ತಟ್ಟಿದ ಹಾಗೆ ಆದರೆ ಆರ್‌ಸಿಸಿ. ಡಬ್ ಡಬ್ ಎಂದು ಟೊಳ್ಳು ಸದ್ದು ಬಂದರೆ ಆ ಜಾಗ ಬಿಟ್ಟುಬಿಡಿ. ಹಂಚಿನ ಮಾಡು, ಶೀಟ್ ಮನೆ, ಮರದ ತೊಲೆಗಳ ಮೇಲೆ ಇಟ್ಟಿಗೆ ಹೊದಿಸಿದ ಹಳೆಯ ಮದ್ರಾಸ್ ಟೆರೇಸ್ ಇದ್ದರೂ ಒತ್ತಡದ ಪೋಲ್ ಬೇಡ. ಅಂಥ ಮನೆಗೆ ಅಗಲವಾದ ಸ್ಟೇಜ್ ಸಮೇತ ಬರುವ, ತಾನೇ ನಿಲ್ಲುವ ಪೋಲ್ ಸಿಗುತ್ತದೆ. ಅದಕ್ಕೆ ಜಾಗ ಜಾಸ್ತಿ ಬೇಕು, ದುಡ್ಡೂ ಜಾಸ್ತಿ.

ಆಮೇಲೆ ಫ್ಯಾನ್. ನಮ್ಮ ಮನೆಗಳಲ್ಲಿ ಕೋಣೆಯ ಸರಿಯಾಗಿ ನಡುವೆ, ಅಂದರೆ ಪೋಲ್‌ಗೆ ಅತ್ಯುತ್ತಮ ಜಾಗದಲ್ಲೇ, ಫ್ಯಾನ್ ತೂಗುತ್ತಿರುತ್ತದೆ. ಪೋಲ್ ಸುತ್ತ ಎಲ್ಲ ಕಡೆ ಐದು ಅಡಿ ಖಾಲಿ ಇರಬೇಕು. ಕೈ ಹಿಡಿದು ಕಾಲು ಚಾಚಿದರೆ ಅಷ್ಟು ಜಾಗ ಹಿಡಿಯುತ್ತದೆ. ಮೇಲೆ ಹತ್ತಿದಾಗ ಫ್ಯಾನಿನ ರೆಕ್ಕೆ ಆ ಸುತ್ತಳತೆಯೊಳಗೆ ಬರುವುದಾದರೆ ಫ್ಯಾನ್ ಬಿಚ್ಚಿಸಿ ಗೋಡೆ ಫ್ಯಾನ್ ಹಾಕಿಸಿ. ಆಫ್ ಮಾಡಿದ್ದರೆ ಸಾಕು ಅನ್ನಬೇಡಿ. ನಿಂತ ರೆಕ್ಕೆಯೂ ಕಾಲು ಕುಯ್ಯುತ್ತದೆ.

ಎತ್ತರವನ್ನು ಪೋಲ್ ನಿಲ್ಲುವ ಅದೇ ಜಾಗದಲ್ಲಿ ಅಳೆಯಿರಿ. ಸಾಮಾನ್ಯ ಸೆಟ್‌ಗಳು ಸುಮಾರು 2.2 ಮೀಟರಿನಿಂದ 2.7 ಮೀಟರ್‌ವರೆಗೆ, ಅಂದರೆ ಒಂಬತ್ತು ಅಡಿ ಆಸುಪಾಸಿನವರೆಗೆ ಬರುತ್ತವೆ. ನಮ್ಮಲ್ಲಿ ಹತ್ತು ಅಡಿ ಎತ್ತರದ ಮನೆಗಳೇನೂ ಅಪರೂಪವಲ್ಲ. ಅಂಥವರು ಎಕ್ಸ್‌ಟೆನ್ಶನ್ ತುಂಡನ್ನೂ ಜೊತೆಗೇ ತರಿಸಬೇಕು. ಆಮೇಲೆ ಅದೊಂದಕ್ಕೇ ಸಾಗಾಣಿಕೆ ಖರ್ಚು ಕೊಡುವುದು ನೋವಿನ ಸಂಗತಿ.

ಯಾವ ಪೋಲ್

ದಪ್ಪ 45 ಮಿಲಿಮೀಟರ್ ಇರಲಿ. ಸ್ಟುಡಿಯೋಗಳಲ್ಲೂ ಸ್ಪರ್ಧೆಗಳಲ್ಲೂ ಈಗ ಹೆಚ್ಚಾಗಿ ಅದೇ. ಅಂಗೈ ತೀರಾ ಚಿಕ್ಕದಿದ್ದರೆ 40. ಹಳೆಯ ಪೋಲ್‌ಗಳು 50 ಮಿಲಿಮೀಟರ್ ಇರುತ್ತಿದ್ದವು. ಅದರಲ್ಲಿ ಬೆರಳು ಪೂರ್ತಿ ಸುತ್ತಿ ಬರುವುದು ಕಷ್ಟ.

ಲೋಹದ ವಿಷಯದಲ್ಲಿ ಊರಿನ ಹವೆ ಕೇಳಿ ನಿರ್ಧರಿಸಿ. ಕ್ರೋಮ್ ಎಲ್ಲೆಡೆ ಸಿಗುತ್ತದೆ, ಒಣ ಹವೆಗೆ ಚೆನ್ನ. ಮಂಗಳೂರಿನಂತಹ ಸೆಕೆ ಊರಲ್ಲಿ ಬೆವರಿದ ಕೈಗೆ ಹಿತ್ತಾಳೆ ಚೆನ್ನಾಗಿ ಅಂಟುತ್ತದೆ. ಆದರೆ ಅದು ಮೆತ್ತನೆ ಲೋಹ, ಬೇಗ ಗೀರು ಬೀಳುತ್ತದೆ. ಅಗ್ಗದ ಓಲೆ, ವಾಚಿನ ಪಟ್ಟಿ ಹಾಕಿದರೆ ತುರಿಕೆ ಬರುವವರಿಗೆ ನಿಕಲ್ ಆಗದು. ಅವರು ಒಳಪದರದಲ್ಲಿ ನಿಕಲ್ ಇರುವ ಕ್ರೋಮ್ ಬಿಟ್ಟು ಸ್ಟೇನ್‌ಲೆಸ್ ಸ್ಟೀಲ್ ಅಥವಾ ಬಣ್ಣದ ಪುಡಿ ಲೇಪಿಸಿದ ಪೌಡರ್ ಕೋಟ್ ನೋಡಬಹುದು. ಪೌಡರ್ ಕೋಟ್ ವಿಪರೀತ ಹಿಡಿಯುತ್ತದೆ. ಜಾರುವ ಭಯವಿಲ್ಲ, ಚರ್ಮ ಉರಿಯುವುದು ಗ್ಯಾರಂಟಿ.

ಹೆಚ್ಚಿನ ಸೆಟ್‌ಗಳಲ್ಲಿ ಒಂದೇ ಪೋಲ್ ಎರಡು ರೀತಿ ಕೆಲಸ ಮಾಡುತ್ತದೆ. ಸ್ಕ್ರೂ ಬಿಗಿ ಮಾಡಿದರೆ ಅಲ್ಲಾಡದೆ ನಿಲ್ಲುತ್ತದೆ, ಇದು ಸ್ಟ್ಯಾಟಿಕ್. ಸಡಿಲ ಮಾಡಿದರೆ ಬೇರಿಂಗ್ ಮೇಲೆ ನಿಮ್ಮ ಜೊತೆ ತಾನೂ ತಿರುಗುತ್ತದೆ, ಇದು ಸ್ಪಿನ್. ಕಲಿಕೆ ಸ್ಟ್ಯಾಟಿಕ್‌ನಲ್ಲೇ ಆಗಲಿ. ಸ್ಪಿನ್‌ನಲ್ಲಿ ಕೈಕಾಲು ಒಳಗೆಳೆದರೆ ವೇಗ ಏರುತ್ತದೆ, ಚಾಚಿದರೆ ಇಳಿಯುತ್ತದೆ. ಹೆದರಿದ ಮನುಷ್ಯ ಮಾಡುವುದೇ ಮುದುರಿಕೊಳ್ಳುವುದು. ಅದಕ್ಕೇ ಹೊಸಬರು ಸ್ಪಿನ್ ಪೋಲ್ ಮೇಲೆ ಬುಗುರಿಯಾಗುತ್ತಾರೆ.

ಗೇಟ್ ಮಾಡುವ ಫ್ಯಾಬ್ರಿಕೇಶನ್ ಅಂಗಡಿಯವರು "ಇದೇನ್ ಮೇಡಂ, ರೇಲಿಂಗ್ ಪೈಪಲ್ಲಿ ಅರ್ಧ ದಿನಕ್ಕೆ ಮಾಡ್ಕೊಡ್ತೀನಿ" ಅನ್ನುತ್ತಾರೆ. ನನಗೂ ಅಂದರು. ರೇಲಿಂಗ್ ಪೈಪ್ ಒರಗಿ ನಿಲ್ಲಲು ಇರುವುದು. ಪೈಪಿನ ಗೋಡೆ ತೆಳು. ಅದರ ಮೇಲೆ ಒಬ್ಬ ಮನುಷ್ಯ ಜೋತು ಬಿದ್ದು ತಿರುಗಿದರೆ ನಡುವೆ ಬಾಗುತ್ತದೆ, ಬೆಸುಗೆ ಬಿಡುತ್ತದೆ. ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಬರುವ ಪಾರ್ಟಿ ಪೋಲ್‌ಗಳೂ ಅದೇ ಜಾತಿ. ಎಷ್ಟು ಕೆಜಿ ತಡೆಯುತ್ತದೆ ಎಂದು ಬರೆದಿಲ್ಲದ ಪೋಲನ್ನು ಮುಟ್ಟಲೇಬೇಡಿ.

ನಿಲ್ಲಿಸುವ ಕ್ರಮ

ಇಬ್ಬರು ಬೇಕು. ಮೊದಲು ಸೀಲಿಂಗ್ ಮೇಲೆ ಪೆನ್ಸಿಲ್ ಗುರುತು ಹಾಕಿ, ಅಲ್ಲಿಂದ ತೂಕದ ಗುಂಡು ಇಳಿಬಿಟ್ಟು ನೆಲದ ಮೇಲೂ ಗುರುತು ಹಾಕಿ. ಗುಂಡು ಇಲ್ಲದಿದ್ದರೆ ದಾರಕ್ಕೆ ಬೀಗ ಕಟ್ಟಿ ಇಳಿಬಿಟ್ಟರೂ ನಡೆಯುತ್ತದೆ. ಪೈಪಿನ ತುಂಡುಗಳನ್ನು ಜೋಡಿಸಿ, ಒಳಗಿನ ಕೀಲನ್ನು ಅಲೆನ್ ಕೀಯಿಂದ ಬಿಗಿ ಮಾಡಿ. ಒಬ್ಬರು ಪೋಲ್ ನೆಟ್ಟಗೆ ಹಿಡಿಯಲಿ, ಇನ್ನೊಬ್ಬರು ಬುಡ ತಿರುಗಿಸುತ್ತಾ ಬರಲಿ. ಮೇಲಿನ ತಟ್ಟೆ ಸೀಲಿಂಗ್ ಮುಟ್ಟಿದ ಕೂಡಲೇ ನಿಲ್ಲಿಸಿ. ಸ್ಪಿರಿಟ್ ಲೆವೆಲನ್ನು ಪೋಲ್‌ಗೆ ಒಂದು ಕಡೆ ಹಿಡಿದು ನೋಡಿ, ಕಾಲು ಸುತ್ತು ಬಂದು ಇನ್ನೊಂದು ಕಡೆ ನೋಡಿ. ಎರಡೂ ಕಡೆ ಗುಳ್ಳೆ ನಡುವೆ ನಿಂತ ಮೇಲೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿ. ಎಷ್ಟು ಬಿಗಿ ಎಂದು ಕಂಪನಿಯ ಕೈಪಿಡಿ ಹೇಳುತ್ತದೆ. ಅದನ್ನು ಮೀರಿ ಪೌರುಷ ತೋರಿಸಿದರೆ ಟೈಲ್ಸ್ ಸೀಳುತ್ತದೆ.

ಈಗ ಪೋಲ್ ಹಿಡಿದು ಜೋರಾಗಿ ಎಳೆದು, ತಳ್ಳಿ ನೋಡಿ. ಮೇಲಿನ ತಟ್ಟೆ ಒಂದು ಕೂದಲಷ್ಟೂ ಸರಿಯಬಾರದು. ಮೊದಲ ವಾರ ಪೋಲ್ ಸ್ವಲ್ಪ ಕೂರುತ್ತದೆ, ಮತ್ತೆ ಬಿಗಿ ಮಾಡಬೇಕಾಗುತ್ತದೆ. ಆಮೇಲೂ ಪ್ರತಿ ಸಲ ಹತ್ತುವ ಮುಂಚೆ ಎಳೆದು ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಬುಡದ ಸುತ್ತ ಹಾಕುವ ಮ್ಯಾಟ್ ಯೋಗದ ಮ್ಯಾಟ್ ಅಲ್ಲ. ಮೂರ್ನಾಲ್ಕು ಇಂಚು ದಪ್ಪದ, ನಡುವೆ ತೂತಿರುವ ಕ್ರ್ಯಾಶ್ ಮ್ಯಾಟ್ ಬೇಕು. ಹಳೇ ಹಾಸಿಗೆ ಹಾಕುತ್ತೇನೆ ಅನ್ನುವವರಿದ್ದಾರೆ. ಹಾಸಿಗೆ ಅಂಚಿನ ಮೇಲೆ ಕಾಲೂರಿದರೆ ಪಾದ ಹೊರಳುತ್ತದೆ.

ಎಣ್ಣೆ, ಬಳೆ, ಚಡ್ಡಿ

ಒಂದು ಭಾನುವಾರ ಅಮ್ಮ ಬಂದಿದ್ದರು. ತಲೆ, ಮೈಗೆಲ್ಲ ಎಣ್ಣೆ ಹಚ್ಚಿ ಸ್ನಾನ ಆಯಿತು. ಸೀಗೆಪುಡಿ ಹಾಕಿ ಚೆನ್ನಾಗಿ ತಿಕ್ಕಿದ್ದೇನಲ್ಲ ಅಂತ ಸಂಜೆ ಪೋಲ್ ಹಿಡಿದೆ. ಎರಡು ಅಡಿ ಹತ್ತಿದ್ದೇ ತಡ, ಅಗ್ನಿಶಾಮಕ ದಳದವರ ಹಾಗೆ ಇಳಿದೆ. ಅಮ್ಮ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಮಲ್ಲಕಂಬದಲ್ಲಿ ಇದು ಉಲ್ಟಾ. ತೇಗ ಅಥವಾ ಬೀಟೆ ಮರದ ಕಂಬಕ್ಕೆ ಹರಳೆಣ್ಣೆ ಸವರುತ್ತಾರೆ, ಮರ ಮೈ ತರಚದಿರಲಿ ಎಂದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಗ್ರಂಥ 12ನೇ ಶತಮಾನದ್ದು. ಅದರಲ್ಲೇ ಕಂಬದ ಕಸರತ್ತಿನ ಮಾತು ಬರುತ್ತದೆ. ಹಾಗಾಗಿ "ಕಂಬ ಹತ್ತೋದು ಯಾವ ಸೀಮೆ ಆಟ" ಎಂದು ಕೇಳುವ ಮಾವನಿಗೆ ಬಸವಕಲ್ಯಾಣದ ಕಡೆ ಕೈ ತೋರಿಸಬಹುದು. ಸ್ಟೀಲ್ ಪೋಲ್ ಮಾತ್ರ ಎಣ್ಣೆಯ ವೈರಿ. ಅಭ್ಯಾಸದ ದಿನವೂ ಹಿಂದಿನ ರಾತ್ರಿಯೂ ಕೊಬ್ಬರಿ ಎಣ್ಣೆ, ಬಾಡಿ ಲೋಷನ್ ಯಾವುದೂ ಬೇಡ.

ಚಿಕ್ಕ ಚಡ್ಡಿ ಯಾಕೆ ಎಂದು ಎಲ್ಲರೂ ಕೇಳುತ್ತಾರೆ, ಕೆಲವರು ಬಾಯಿಬಿಟ್ಟು, ಕೆಲವರು ಕಣ್ಣಲ್ಲೇ. ತೊಡೆಯ ಚರ್ಮವೇ ಇಲ್ಲಿ ಬ್ರೇಕ್. ಲೆಗಿಂಗ್ಸ್ ಹಾಕಿಕೊಂಡರೆ ಬ್ರೇಕಿಗೆ ಬಟ್ಟೆ ಸುತ್ತಿದ ಹಾಗೆ. ಉಂಗುರ, ಬಳೆ, ಕಾಲುಂಗುರ, ಕೊರಳಿನ ಸರ, ತಾಳಿ ಎಲ್ಲ ತೆಗೆದಿಡಿ. ಪೋಲ್‌ಗೆ ಗೀರು ಬೀಳುವುದು ಸಣ್ಣ ವಿಷಯ. ಉಂಗುರ ಸಿಕ್ಕಿಕೊಂಡು ದೇಹದ ಭಾರವೆಲ್ಲ ಒಂದು ಬೆರಳಿನ ಮೇಲೆ ಬಿದ್ದರೆ ಗಾಯ ದೊಡ್ಡದು.

ಕೈ ಬೆವರಿದರೆ ಚಾಕ್ ಪುಡಿ, ಅಂದರೆ ಮೆಗ್ನೀಸಿಯಮ್ ಕಾರ್ಬೊನೇಟ್. ಜಿಮ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮುಖಕ್ಕೆ ಹಾಕುವ ಪೌಡರ್ ಆಗದು, ಇನ್ನಷ್ಟು ಜಾರುತ್ತದೆ. ಮುಗಿದ ಮೇಲೆ ಪೋಲನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಸ್ಯಾನಿಟೈಸರ್ ಜೆಲ್ ಬೇಡ, ಅದರಲ್ಲಿರುವ ಗ್ಲಿಸರಿನ್ ಜಿಡ್ಡಾಗಿ ಉಳಿಯುತ್ತದೆ. ಆಲ್ಕೋಹಾಲಿಗೆ ಬೇಗ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿರಲಿ, ಪಕ್ಕದಲ್ಲಿ ದೀಪ, ಊದುಬತ್ತಿ ಇರದಿರಲಿ.

ಹೆಗಲಿನಿಂದ ಶುರು

ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಮಣಿಕಟ್ಟು, ಹೆಗಲು, ಸೊಂಟ ಮರೆಯಬೇಡಿ. ಚಳಿಗಾಲದ ಬೆಳಿಗ್ಗೆ ಪೋಲೂ ತಣ್ಣಗಿರುತ್ತದೆ, ತಣ್ಣಗಿದ್ದರೆ ಜಾರುತ್ತದೆ. ಅದನ್ನೂ ಕೈಯಿಂದ ಉಜ್ಜಿ ಬಿಸಿ ಮಾಡಿ.

ಹತ್ತುವ ಮೊದಲು ಜೋತು ಬೀಳುವುದು ಗೊತ್ತಿರಬೇಕು. ಎರಡೂ ಕೈಯಲ್ಲಿ ಪೋಲ್ ಎತ್ತರಕ್ಕೆ ಹಿಡಿದು, ಮಂಡಿ ಸ್ವಲ್ಪ ಮಡಚಿ ಭಾರ ಬಿಡಿ. ಈಗ ಹೆಗಲು ಕಿವಿಯ ಹತ್ತಿರ ಬಂದಿದೆಯಾ? ಹೊಸಬರಿಗೆ ಬಂದೇ ಬಂದಿರುತ್ತದೆ. ಅಂದರೆ ಭಾರವೆಲ್ಲ ಕೀಲಿನ ಮೇಲೆ ಬಿದ್ದಿದೆ. ಮೊಣಕೈ ಮಡಚದೆ ಹೆಗಲನ್ನು ಕೆಳಕ್ಕೆ, ಬೆನ್ನಿನ ಕಡೆಗೆ ಎಳೆಯಿರಿ. ಕತ್ತು ಉದ್ದವಾಗುತ್ತದೆ, ಬೆನ್ನಿನ ಸ್ನಾಯು ಎಚ್ಚೆತ್ತುಕೊಳ್ಳುತ್ತದೆ. ಮತ್ತೆ ಬಿಡಿ, ಮತ್ತೆ ಎಳೆಯಿರಿ. ಹತ್ತು ಸಲ. ನೋಡುವವರಿಗೆ ಏನೂ ಕಾಣುವುದಿಲ್ಲ, ವಿಡಿಯೋ ಹಾಕಿದರೆ ಒಂದು ಲೈಕೂ ಬರುವುದಿಲ್ಲ. ಆದರೆ ನನ್ನ ಜೊತೆ ಕಲಿಯಲು ಬಂದವರಲ್ಲಿ ಹೆಗಲು ನೋವೆಂದು ಬಿಟ್ಟುಹೋದವರೆಲ್ಲ ಇದನ್ನು ಹಾರಿಸಿ ಮುಂದೆ ಹೋದವರೇ.

ಮೊದಲ ಸುತ್ತು ಫೈರ್‌ಮ್ಯಾನ್ ಸ್ಪಿನ್. ಪೋಲ್ ನಿಮ್ಮ ಬಲಕ್ಕಿರಲಿ. ಬಲಗೈ ತಲೆಗಿಂತ ಮೇಲೆ, ಎಡಗೈ ಎದೆಯ ಎತ್ತರದಲ್ಲಿ. ಪೋಲ್ ಸುತ್ತ ಒಂದೆರಡು ಹೆಜ್ಜೆ ನಡೆಯಿರಿ, ಎಡಗಾಲನ್ನು ಅಗಲವಾಗಿ ಬೀಸಿ. ಆ ಬೀಸಿನಲ್ಲೇ ಬಲಗಾಲು ಎತ್ತಿ, ಎರಡು ಮಂಡಿಗಳ ನಡುವೆ, ಪಾದಗಳ ನಡುವೆ ಪೋಲ್ ಸಿಕ್ಕಿಸಿ. ತಾನಾಗಿಯೇ ಸುತ್ತುತ್ತಾ ಇಳಿಯುತ್ತೀರಿ. ಹಾರಬೇಡಿ, ಬೀಸಿ. ಸುತ್ತು ಬರುವುದು ಬೀಸಿದ ಕಾಲಿನಿಂದ. ಹಾರಿದರೆ ಪೋಲ್‌ಗೆ ಮಂಡಿ ಬಡಿಯುತ್ತದೆ, ಅಷ್ಟೇ.

ಹತ್ತುವುದಕ್ಕೆ ಒಂದು ಕಾಲಿನ ಕಣಕಾಲನ್ನು ಪೋಲ್‌ಗೆ ಅಡ್ಡವಾಗಿ ಒತ್ತಿ, ಪಾದ ಮೇಲಕ್ಕೆ ಮಡಚಿ ಕೊಕ್ಕೆ ಹಾಕಿ. ಇನ್ನೊಂದು ಕಾಲಿನ ಮೀನಖಂಡವನ್ನು ಹಿಂದಿನಿಂದ ಒತ್ತಿ. ಮಂಡಿಗಳನ್ನು ಅದುಮಿ ಎದ್ದು ನಿಲ್ಲಿ. ಗಮನಿಸಿ, ಎದ್ದು ನಿಲ್ಲುವುದು, ಕೈಯಿಂದ ಜಗ್ಗುವುದಲ್ಲ. ಅಡಿಕೆ, ತೆಂಗಿನ ಮರ ಹತ್ತುವವರನ್ನು ನೋಡಿದ್ದೀರಲ್ಲ? ಕಾಲು ಏರಿದ ಮೇಲೇ ಕೈ ಏರುತ್ತದೆ. ಇಳಿಯುವುದನ್ನೂ ಕಲಿಯಿರಿ, ಕೈ ಮೇಲೆ ಕೈ ಬದಲಿಸುತ್ತಾ, ನಿಧಾನವಾಗಿ. ಸುಸ್ತಾಗುವ ಮೊದಲೇ ಇಳಿಯಬೇಕು, ಏಕೆಂದರೆ ಇಳಿಯಲೂ ಬಲ ಬೇಕು.

ಮೂರನೆಯದು ಪೋಲ್ ಸಿಟ್. ಒಳತೊಡೆಯ ನಡುವೆ ಪೋಲ್ ಇಟ್ಟು, ಕಾಲಿನ ಮೇಲೆ ಕಾಲು ಹಾಕಿ ಕೂರುವುದು. ಚೆನ್ನಾಗಿ ಉರಿಯುತ್ತದೆ. ಎರಡು ದಿನ ಬಿಟ್ಟು ನೋಡಿದರೆ ತೊಡೆ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಇದಕ್ಕೆ ನಮ್ಮಲ್ಲಿ ಪೋಲ್ ಕಿಸ್ ಎನ್ನುತ್ತಾರೆ. ಕೆಲವು ವಾರಗಳಲ್ಲಿ ಚರ್ಮ ಒಗ್ಗಿಕೊಳ್ಳುತ್ತದೆ. ಚರ್ಮದ ಉರಿ ಸಹಿಸಬಹುದು. ಹೆಗಲ ಮುಂಭಾಗ, ಮೊಣಕೈ ಒಳಗೆ, ಮಣಿಕಟ್ಟಿನಲ್ಲಿ ಚುಳ್ಳೆನ್ನುವ ನೋವು ಬಂದರೆ ಆ ದಿನದ ಅಭ್ಯಾಸ ಅಲ್ಲಿಗೆ ಮುಗಿಯಿತು. ಪ್ರತಿ ವರಸೆಯನ್ನೂ ಎರಡೂ ಬದಿಯಲ್ಲಿ ಮಾಡಿ. ಎಡಗಡೆ ದರಿದ್ರವಾಗಿ ಬರುತ್ತದೆ, ಬರಲಿ.

ತಲೆಕೆಳಗಾಗುವ ಇನ್ವರ್ಟ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದು ಓದಿ ಕಲಿಯುವುದಲ್ಲ. ಕಾಲು ಒದ್ದು ಮೇಲೆ ಎಸೆಯದೆ, ಮಂಡಿಯನ್ನು ನಿಧಾನವಾಗಿ ಎದೆಗೆ ತಂದು ಹತ್ತು ಎಣಿಸುವಷ್ಟು ಹೊತ್ತು ನಿಲ್ಲಿಸಲು ಬಂದರೆ ಟೀಚರನ್ನು ಕೇಳಿ. ಬಿಪಿ, ಗ್ಲಾಕೋಮಾ ಇರುವವರು, ಬಸುರಿಯರು ಅದಕ್ಕೂ ಮೊದಲು ಡಾಕ್ಟರನ್ನು ಕೇಳಿ. ಮನೆಯಲ್ಲಿ ಒಬ್ಬರೇ ಇದ್ದಾಗ ಹೊಸದೇನನ್ನೂ ಪ್ರಯತ್ನಿಸಬೇಡಿ.

ಬಾಡಿಗೆ ಮನೆಯವರಿಗೆ ಒಂದು ಮಾತು. ಓನರಿಗೆ ಮೊದಲೇ ಹೇಳಿಬಿಡಿ. ನಾನು "ಅಂಕಲ್, ವ್ಯಾಯಾಮದ ಕಂಬ, ಡ್ರಿಲ್ ಹೊಡೆಯಲ್ಲ" ಅಂದೆ. ಅವರು ಬಂದು ಸೀಲಿಂಗ್ ನೋಡಿ, ಪೋಲ್ ಅಲ್ಲಾಡಿಸಿ, "ಬಟ್ಟೆ ಒಣಗಿಸೋಕೂ ಆಗುತ್ತೆ ಬಿಡಮ್ಮ" ಎಂದು ಹೋದರು. ಬಿಚ್ಚಿದ ಮೇಲೆ ಸೀಲಿಂಗ್ ಮೇಲೆ ತಿಂಡಿ ತಟ್ಟೆ ಅಗಲದ ಒಂದು ಗುರುತು ಉಳಿಯುತ್ತದೆ. ಬಿಳಿ ಡಿಸ್ಟೆಂಪರ್ ಒಂದು ಕೋಟ್ ಹೊಡೆದರೆ ಹೋಗುತ್ತದೆ.