‘ನಾವು ಬರೀ ಮಧ್ಯವರ್ತಿ’ ಅಂದವರಿಂದ ಹಣ ವಾಪಸ್ ಪಡೆದದ್ದು

ಆನ್‌ಲೈನ್ ಶಾಪಿಂಗ್ ತಾಣವೊಂದರಲ್ಲಿ ನಾನು ಆರ್ಡರ್ ಮಾಡಿದ್ದು ಕ್ಯಾಮೆರಾ ಲೆನ್ಸ್. ಡಬ್ಬಿಯಲ್ಲಿ ಇದ್ದದ್ದು ಹಳೇ ಚಾರ್ಜರ್. ಬಿಚ್ಚುವಾಗಲೇ ವಿಡಿಯೊ ಮಾಡಿದ್ದೆ. ಆದರೂ ‘ಸೆಲ್ಲರ್ ಒಪ್ಪುತ್ತಿಲ್ಲ, ನಾವು ಬರೀ ಮಧ್ಯವರ್ತಿ’ ಎಂದು ತಾಣ ನಡೆಸುವ ಕಂಪನಿಯವರು ಕೂಪನ್ ಕೊಟ್ಟು ಮೂಗಿಗೆ ತುಪ್ಪ ಸವರಿದರು.

‘ಮಧ್ಯವರ್ತಿ’ ಅನ್ನುವುದು ಸುಮ್ನೆ ಹೇಳುವ ಮಾತಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಮಧ್ಯವರ್ತಿಗಳಿಗೆ ರಕ್ಷಣೆ ಕೊಡುತ್ತದೆ. ಆದರೆ ಅವರು ತಕ್ಕ ಎಚ್ಚರ ವಹಿಸಿರಬೇಕು. ನಾನು ಹಿಡಿದದ್ದು ಆ ಎಳೆಯನ್ನೇ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಕೊಂಡವರು ಬರೆದು ಕೇಳಿದರೆ ಇಂಥ ಕಂಪನಿಯವರು ಸೆಲ್ಲರ್‌ನ ಮುಖ್ಯ ಕಚೇರಿ, ಶಾಖೆಗಳ ವಿಳಾಸ, ಇಮೇಲ್ ಎಲ್ಲ ಕೊಡಬೇಕು. ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಿ, ತಿಂಗಳೊಳಗೆ ಬಗೆಹರಿಸಬೇಕು. ಹಾಗಾಗಿ ಚಾಟ್‌ನಲ್ಲಿ ಜಗಳ ಬಿಟ್ಟು, ಸೆಲ್ಲರ್ ವಿಳಾಸ ಕೇಳಿ ಆ ಅಧಿಕಾರಿಗೆ ಇಮೇಲ್ ಹಾಕಿದೆ. ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿದೆ. ಕ್ಷಮೆ ಕೇಳಿ ಉತ್ತರ ಬಂತು, ವಿಳಾಸ ಬರಲಿಲ್ಲ. ಅವರು ತಕ್ಕ ಎಚ್ಚರ ವಹಿಸಿಲ್ಲ ಎನ್ನಲು ನನಗೆ ಅಷ್ಟು ಸಾಕಾಗಿತ್ತು!

1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರು ಕೊಟ್ಟೆ. ಅವರಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ. ದೂರಿನ ಸಂಖ್ಯೆ ಮಾತ್ರ ದಾಖಲೆಯಾಗಿ ಉಳಿಯುತ್ತದೆ.

ಆಮೇಲೆ ನಮ್ಮ ಜಿಲ್ಲಾ ಗ್ರಾಹಕರ ಆಯೋಗ. ಕಂಪನಿ ಎಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಸೆಲ್ಲರ್, ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿದೆ. ಬಿಲ್ಲಿನಲ್ಲಿದ್ದ ಸೆಲ್ಲರ್ ವಿಳಾಸಕ್ಕೆ ಹೋದ ನೋಟಿಸ್ ‘ಇಂಥವರು ಇಲ್ಲಿಲ್ಲ’ ಎಂದು ವಾಪಸ್ ಬಂತು. ನಿಜ ಹೇಳಬೇಕೆಂದರೆ, ನನ್ನ ವಿಡಿಯೊಗಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಆ ಲಕೋಟೆ.

ಕಂಪನಿಯ ವಕೀಲರು 79ನೇ ಸೆಕ್ಷನ್ ಬಗ್ಗೆ ತುಂಬಾ ಹೊತ್ತು ವಾದಿಸಿದರು. ನಾನು ಕೇಳಿದ್ದು ಒಂದೇ: ‘ಸೆಲ್ಲರ್ ಎಲ್ಲಿದ್ದಾರೆ? ನಿಮಗೇ ಗೊತ್ತಿಲ್ಲದವರನ್ನು ಯಾವ ಪರಿಶೀಲನೆ ಮಾಡಿ ಅಂಗಡಿ ಇಡಲು ಬಿಟ್ಟಿರಿ?’ ಹಣ ಕಟ್ಟಿಸಿಕೊಂಡದ್ದೂ ಕಂಪನಿಯವರೇ, ಅಲ್ವಾ?

ಇಬ್ಬರೂ ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಹೊಣೆ ಎಂದು ಆದೇಶವಾಯಿತು. ಅಂದರೆ ಪೂರ್ತಿ ಹಣವನ್ನು ಒಬ್ಬರಿಂದಲೇ ವಸೂಲಿ ಮಾಡಬಹುದು. ಸೆಲ್ಲರ್ ನಾಪತ್ತೆಯಾದ ಮೇಲೆ ಕೈಗೆ ಸಿಗುವವರು ಕಂಪನಿಯವರೊಬ್ಬರೇ. ಮಾನಸಿಕ ಯಾತನೆಗೆ ಕೇಳಿದ್ದರಲ್ಲಿ ಕಾಲು ಭಾಗವೂ ಸಿಗಲಿಲ್ಲ, ಅದನ್ನು ನೆಚ್ಚಿಕೊಂಡು ಕೇಸು ಹಾಕಬೇಡಿ. ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಲು ಕಂಪನಿಯವರಿಗೆ 45 ದಿನ ಇತ್ತು. ಅದಕ್ಕೆ ಅರ್ಧ ಹಣ ಠೇವಣಿ ಇಡಬೇಕು. ಅವರು ಹೋಗಲಿಲ್ಲ, ಹಣ ಖಾತೆಗೆ ಹಾಕಿದರು.