ದಪ್ಪ ಕಾರ್ಡ್ ಮೇಲೆ ಮನೆಯಲ್ಲೇ ಪ್ರಿಂಟ್ ತೆಗೆಯುವುದು ಹೇಗೆ?

ದಸರಾ ಹತ್ತಿರ ಬಂತೆಂದರೆ ಮೈಸೂರಿನ ಮನೆಗಳಲ್ಲಿ ಗೊಂಬೆ ಕೂರಿಸುವ ತಯಾರಿ ಶುರು. ಅರಿಶಿನ ಕುಂಕುಮಕ್ಕೆ ಕರೆಯಲು ಒಂದಿಷ್ಟು ಕಾರ್ಡು ಬೇಕು, ಗೊಂಬೆಗಳ ಮುಂದೆ ಇಡಲು ಹೆಸರಿನ ಚೀಟಿಗಳು ಬೇಕು. ಇಷ್ಟಕ್ಕೆ ಪ್ರೆಸ್ಸಿಗೆ ಹೋದರೆ ಖರ್ಚು ಜಾಸ್ತಿ. ಮನೆಯ ಪ್ರಿಂಟರೇ ಸಾಕು. ಆದರೆ ಅಂಗಡಿಗೆ ಹೋಗಿ ಕಾರ್ಡ್ ಶೀಟ್ ತರುವ ಮೊದಲು ನಿಮ್ಮ ಪ್ರಿಂಟರನ್ನು ಒಮ್ಮೆ ಸರಿಯಾಗಿ ನೋಡಿ. ಹೆಚ್ಚಿನ ತೊಂದರೆ ಇದನ್ನು ಬಿಡುವುದರಿಂದಲೇ ಬರುತ್ತದೆ.

ಹಾಳೆ ಹೋಗುವ ದಾರಿ

ಕೆಲವು ಪ್ರಿಂಟರ್‌ಗಳಲ್ಲಿ ಹಾಳೆಯನ್ನು ಮುಂದಿನ ಟ್ರೇಯಲ್ಲಿ ಇಡುತ್ತೇವೆ, ಅದು ಮುಂದೆಯೇ ಹೊರಗೆ ಬರುತ್ತದೆ. ಅಂದರೆ ಒಳಗೆ ಅದು ಪೂರ್ತಿ ಒಂದು ತಿರುವು ಹಾಕುತ್ತದೆ. ದಪ್ಪ ಹಾಳೆ ಅಷ್ಟು ಬಗ್ಗುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ನೀರಿನಂಥ ಇಂಕಿನಿಂದ ಪ್ರಿಂಟ್ ಮಾಡುವ, ಹಿಂದಿನಿಂದ ಹಾಳೆ ಇಡುವ ಇಂಕ್‌ಜೆಟ್ ಆದರೆ ದಾರಿ ಹೆಚ್ಚು ನೇರ. ದಪ್ಪ ಹಾಳೆಗೆ ನನ್ನ ಮೊದಲ ಆಯ್ಕೆ ಅದೇ. ಟೋನರ್ ಎಂಬ ಪುಡಿಯಿಂದ ಪ್ರಿಂಟ್ ಮಾಡುವ ಲೇಸರ್ ಪ್ರಿಂಟರ್ ಇದ್ದರೆ ಒಂದೊಂದೇ ಹಾಳೆ ಕೊಡುವ ಕಿಂಡಿ ಬಳಸಿ. ಕೆಲವು ಲೇಸರ್‌ಗಳ ಹಿಂದೆ ಬಾಗಿಲಿರುತ್ತದೆ. ಅದನ್ನು ತೆರೆದಿಟ್ಟರೆ ಹಾಳೆ ಬಗ್ಗದೆ ಹಿಂದಿನಿಂದ ನೇರವಾಗಿ ಹೊರಬರುತ್ತದೆ.

ಇನ್ನು ಜಿಎಸ್ಎಂ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಜೆರಾಕ್ಸ್ ಹಾಳೆ 70ರಿಂದ 80. ವಿಸಿಟಿಂಗ್ ಕಾರ್ಡ್ ಸಾಮಾನ್ಯವಾಗಿ 250ಕ್ಕಿಂತ ಮೇಲೆ. ಮನೆ, ಆಫೀಸಿನ ಸಣ್ಣ ಲೇಸರ್‌ಗಳಲ್ಲಿ ಹಲವಕ್ಕೆ 163 ಜಿಎಸ್ಎಂ ಮಿತಿ. ನಿಮ್ಮದಕ್ಕೆ ಎಷ್ಟು ಎಂದು ಜೊತೆಗೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ.

ಬಿಡಿ ಹಾಳೆ ತಂದಿದ್ದೀರಿ, ಜಿಎಸ್ಎಂ ಗೊತ್ತಿಲ್ಲ ಅಂದರೆ ಅಡುಗೆಮನೆಯ ತಕ್ಕಡಿ ಸಾಕು. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. 16 ಹಾಳೆ ತೂಗಿ. 200 ಗ್ರಾಂ ಬಂದರೆ ಅದು 200 ಜಿಎಸ್ಎಂ. ನಾಲ್ಕೇ ಹಾಳೆ ಇದ್ದರೆ ತೂಕವನ್ನು ನಾಲ್ಕರಿಂದ ಗುಣಿಸಿ.

ಇಂಕ್‌ಜೆಟ್‌ಗೆ ಹೊಳಪಿನ ಆರ್ಟ್ ಕಾರ್ಡ್ ಬೇಡ. ಅದು ದೊಡ್ಡ ಪ್ರೆಸ್ಸಿನ ಶಾಯಿಗೆ ಮಾಡಿದ್ದು. ನಮ್ಮ ನೀರಿನಂಥ ಇಂಕನ್ನು ಹೀರುವುದಿಲ್ಲ, ಕೈ ತಾಗಿದರೆ ಉಜ್ಜಿಹೋಗುತ್ತದೆ. ಹೊಳಪಿಲ್ಲದ ಹಾಳೆ ಅಥವಾ ಇಂಕ್‌ಜೆಟ್‌ಗೆಂದೇ ಬರುವ ಹಾಳೆ ಕೇಳಿ. ಲೇಸರ್‌ಗೆ ಪ್ಲಾಸ್ಟಿಕ್ ಲೇಪನದ, ಮಿಂಚು ಹಚ್ಚಿದ ಹಾಳೆ ಯಾವತ್ತೂ ಹಾಕಬೇಡಿ. ಒಳಗಿನ ಬಿಸಿಗೆ ಅದು ಕರಗಿ ಅಂಟಿಕೊಂಡರೆ ರಿಪೇರಿ ಖರ್ಚು ದೊಡ್ಡದು.

ಪ್ರಿಂಟರಿಗೆ ಹೇಳಿ

ಪ್ರಿಂಟ್ ಒತ್ತುವ ಮೊದಲು ಪ್ರಾಪರ್ಟೀಸ್‌ಗೆ ಹೋಗಿ ಪೇಪರ್ ಟೈಪ್ ಬದಲಿಸಿ. ಲೇಸರ್‌ನಲ್ಲಿ ಹೆವಿ, ಥಿಕ್ ಅಥವಾ ಕಾರ್ಡ್‌ಸ್ಟಾಕ್ ಎಂದಿರುತ್ತದೆ. ಟೋನರ್ ಪುಡಿ ಬಿಸಿಗೆ ಕರಗಿ ಹಾಳೆಗೆ ಹತ್ತಬೇಕು. ದಪ್ಪ ಕಾವಲಿ ಕಾಯಲು ಹೊತ್ತು ಹಿಡಿಯುವಂತೆ ದಪ್ಪ ಹಾಳೆಯೂ ಬೇಗ ಬಿಸಿಯಾಗುವುದಿಲ್ಲ. ಹೆವಿ ಎಂದು ಹೇಳಿದರೆ ಪ್ರಿಂಟರ್ ನಿಧಾನವಾಗಿ ಓಡುತ್ತದೆ ಅಥವಾ ಬಿಸಿ ಹೆಚ್ಚಿಸುತ್ತದೆ. ಸುಮ್ನೆ ಪ್ಲೇನ್ ಪೇಪರ್ ಅಂತ ಬಿಟ್ಟರೆ ಅಕ್ಷರ ಉಗುರಿಗೆ ಕೀಳುತ್ತದೆ. ಇಂಕ್‌ಜೆಟ್‌ನಲ್ಲಿ ಮ್ಯಾಟ್ (ಹೊಳಪಿಲ್ಲದ ಹಾಳೆ) ಆರಿಸಿ. ಹಾಳೆಯ ಅಂಚಿನಲ್ಲಿ ಇಂಕ್ ಮೆತ್ತಿಕೊಳ್ಳುತ್ತಿದ್ದರೆ ಎಪ್ಸನ್‌ನ ಕೆಲವು ಮಾದರಿಗಳಲ್ಲಿ ಥಿಕ್ ಪೇಪರ್ ಎಂಬ ಆಯ್ಕೆ ಇದೆ, ಕ್ಯಾನನ್‌ನಲ್ಲಿ ಪ್ರಿವೆಂಟ್ ಪೇಪರ್ ಅಬ್ರೇಷನ್. ಅದನ್ನು ಆನ್ ಮಾಡಿ.

ಮೊದಲ ಪ್ರಿಂಟ್ ಮಾಮೂಲಿ ಹಾಳೆಯಲ್ಲಿ ತೆಗೆದು ಅಳತೆ, ಕಾಗುಣಿತ ನೋಡಿ. ಆಮೇಲೆ ಕಾರ್ಡನ್ನು ಒಂದೊಂದಾಗಿ ಕೊಡಿ. ಎರಡು ಬದಿ ಬೇಕಾದರೆ ಪ್ರಿಂಟರ್ ತಾನೇ ತಿರುಗಿಸುವ ಡ್ಯೂಪ್ಲೆಕ್ಸ್ ಆಫ್ ಮಾಡಿ, ಕೈಯಲ್ಲೇ ತಿರುಗಿಸಿ ಹಾಕಿ. ಇಂಕ್ ಪೂರ್ತಿ ಒಣಗಿರಲಿ. ಲೇಸರ್‌ನಿಂದ ಬಂದ ಹಾಳೆ ಸುರುಳಿಕೊಂಡಿದ್ದರೆ ಭಾರದ ಪುಸ್ತಕದ ಕೆಳಗಿಟ್ಟು ನೇರ ಮಾಡಿಕೊಂಡ ಮೇಲೆ ಎರಡನೇ ಬದಿ. ಹಾಳೆ ಒಳಕ್ಕೆ ಹೋಗದೆ ಜಾರುತ್ತಿದೆಯೇ? ಪ್ರಿಂಟರ್ ಆಫ್ ಮಾಡಿ, ಪ್ಲಗ್ ತೆಗೆದು, ರಬ್ಬರ್ ರೋಲರನ್ನು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ. ಧೂಳು ಕೂತಿರುತ್ತದೆ, ಅಷ್ಟೇ.

ಮಡಚುವ ಕಾರ್ಡಾದರೆ ಇನ್ನೊಂದು ಕೆಲಸ ಇದೆ. ಹಾಳೆಯನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮೆಲ್ಲಗೆ ಬಗ್ಗಿಸಿ ನೋಡಿ. ಸುಲಭವಾಗಿ ಬಗ್ಗುವ ಕಡೆ ಮಡಚಿದರೆ ಗೆರೆ ನೀಟಾಗಿ ಬರುತ್ತದೆ, ಅಂಚು ಒಡೆಯುವುದಿಲ್ಲ. ಮಡಚುವ ಮೊದಲು ಸ್ಕೇಲ್ ಇಟ್ಟು ಖಾಲಿಯಾದ ಬಾಲ್ ಪೆನ್ನಿನಿಂದ ಗೆರೆ ಎಳೆಯಿರಿ.

ಉಳಿದ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಲಗಿಸಿಡಿ. ಮಳೆಗಾಲದ ತೇವಕ್ಕೆ ಕಾರ್ಡ್ ಬಾಗುತ್ತದೆ, ಬಾಗಿದ ಹಾಳೆ ಸಿಕ್ಕಿಕೊಳ್ಳುತ್ತದೆ.

300 ಜಿಎಸ್ಎಂ ಕಾರ್ಡೇ ಬೇಕು, ಪ್ರಿಂಟರ್ ತಡೆಯಲ್ಲ ಅಂದರೆ ಡಿಜಿಟಲ್ ಪ್ರಿಂಟ್ ಅಂಗಡಿಗೆ ಹೋಗುವುದೇ ಸರಿ. ಆಗ ಫೈಲನ್ನು ಪಿಡಿಎಫ್ ಮಾಡಿಕೊಂಡೇ ಹೋಗಿ. ನಿಮ್ಮ ಕನ್ನಡ ಫಾಂಟ್ ಆ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ.