ಉದ್ಯೋಗ ಮೇಳ: ಮೇಜಿನ ಮುಂದಿನ ಎರಡು ನಿಮಿಷ

ಉದ್ಯೋಗ ಮೇಳದಲ್ಲಿ ಒಂದು ಕಂಪನಿಯ ಮೇಜಿನ ಮುಂದೆ ಸಿಗುವುದು ಎರಡು, ಹೆಚ್ಚೆಂದರೆ ಮೂರು ನಿಮಿಷ. ಅಷ್ಟರೊಳಗೆ ನನ್ನ ರೆಸ್ಯೂಮೆ ಯಾವ ಹುದ್ದೆಯ ಕಟ್ಟಿಗೆ ಸೇರಬೇಕು ಅನ್ನುವುದು ಎಚ್‌ಆರ್‌ನವರಿಗೆ ಗೊತ್ತಾಗಬೇಕು. ನನ್ನ ತಯಾರಿಯೆಲ್ಲ ಇದಕ್ಕೇ. "ಯಾವ ಕೆಲಸ ಆದರೂ ಸರಿ ಸರ್" ಅಂದರೆ ಅದು ಯಾವ ಕಟ್ಟಿಗೂ ಸೇರದೆ ಪಕ್ಕಕ್ಕೆ ಬೀಳುತ್ತದೆ. ಸಂಜೆ ಅದನ್ನು ಬಿಡಿಸಿ ನೋಡುವವರು ಅಪರೂಪ.

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸರ್ಕಾರ ನಡೆಸಿದ ಯುವ ಸಮೃದ್ಧಿ ಸಮ್ಮೇಳನದಂಥ ಮೇಳಕ್ಕೆ ನೂರಾರು ಕಂಪನಿಗಳು ಬರುತ್ತವೆ. ಎಲ್ಲ ಕಡೆ ರೆಸ್ಯೂಮೆ ಹಂಚುತ್ತ ಹೋದರೆ ಕಾಲು ಸೋಲುತ್ತದೆ, ಅಷ್ಟೇ. ಪಟ್ಟಿ ನೋಡಿ ಆರು ಕಂಪನಿ ಆರಿಸಿ, ಇಷ್ಟದ ಕ್ರಮದಲ್ಲಿ ಬರೆದುಕೊಳ್ಳುತ್ತೇನೆ. ಮೊದಲು ಹೋಗುವುದು ನಾಲ್ಕನೆಯದಕ್ಕೆ, ನಾಲಿಗೆ ಸಡಿಲವಾಗಲಿ ಅಂತ. ತುಂಬಾ ಬೇಕಾದ ಎರಡನ್ನು ಊಟಕ್ಕೆ ಮುಂಚೆ ಮುಗಿಸುತ್ತೇನೆ.

ಫೈಲಿನಲ್ಲಿ ಒಂದೇ ಪುಟದ ರೆಸ್ಯೂಮೆ ಹನ್ನೆರಡು ಪ್ರತಿ, ಅಂಕಪಟ್ಟಿಗಳ ಜೆರಾಕ್ಸ್, ಎರಡು ಪೆನ್ನು. ಮೂಲ ಅಂಕಪಟ್ಟಿಯನ್ನು ತೋರಿಸಬಹುದು, ಬಿಟ್ಟು ಬರಬಾರದು. ಈಗ ಎಷ್ಟೋ ಕಂಪನಿಗಳು ಕ್ಯೂಆರ್ ಕೋಡ್ ಇಟ್ಟು ಫಾರ್ಮ್ ತುಂಬಿಸುತ್ತವೆ. ಆ ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಹಾಗಾಗಿ ಪಿಡಿಎಫ್ ಫೋನಿನಲ್ಲೇ ಇರಬೇಕು, ಇಮೇಲ್‌ನಲ್ಲಿ ಹುಡುಕುವಂತೆ ಅಲ್ಲ. ಸಿಜಿಪಿಎಯನ್ನು ಶೇಕಡಾವಾರಿಗೆ ತಿರುಗಿಸುವ ಸೂತ್ರ ಒಂದೊಂದು ವಿ.ವಿ.ಗೆ ಒಂದೊಂದು ಥರ. ಮನೆಯಲ್ಲೇ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ.

ಮೇಜಿನ ಮುಂದೆ ನಾನು ಹೇಳುವುದು ಇಷ್ಟು:

"ನಮಸ್ತೆ ಮೇಡಂ. ಡಿಪ್ಲೊಮಾ ಮೆಕ್ಯಾನಿಕಲ್ ಆಗಿದೆ, ಸಿಎನ್‌ಸಿ ಟರ್ನಿಂಗ್‌ನಲ್ಲಿ ಅನುಭವ ಇದೆ. ಡ್ರಾಯಿಂಗ್ ಓದಿ ಫ್ಯಾನುಕ್ ಕಂಟ್ರೋಲ್‌ನಲ್ಲಿ ಆಫ್‌ಸೆಟ್ ಕೊಡ್ತೀನಿ. ನಿಮ್ಮ ಪೀಣ್ಯ ಯೂನಿಟ್‌ನ ಕ್ವಾಲಿಟಿ ಹುದ್ದೆಗೆ ಬಂದೆ. ಅಲ್ಲಿ ಇನ್‌ಸ್ಪೆಕ್ಷನ್‌ಗೆ ಸಿಎಂಎಂ ಬಳಸ್ತೀರಾ?"

(ಸಿಎನ್‌ಸಿ ಅಂದರೆ ಕಂಪ್ಯೂಟರ್ ನಡೆಸುವ ಯಂತ್ರ, ಫ್ಯಾನುಕ್ ಅದರ ಕಂಟ್ರೋಲ್‌ನ ಒಂದು ಬ್ರ್ಯಾಂಡ್, ಆಫ್‌ಸೆಟ್ ಅಂದರೆ ಅಳತೆ ಸರಿಯಾಗಿ ಬರಲು ಟೂಲ್‌ಗೆ ಕೊಡುವ ಹೊಂದಾಣಿಕೆ, ಸಿಎಂಎಂ ಅಂದರೆ ತಯಾರಾದ ಭಾಗದ ಅಳತೆಯನ್ನು ನಿಖರವಾಗಿ ನೋಡುವ ಯಂತ್ರ.) ಓದಿದ್ದು, ಕೈಗೆ ಬರುವ ಕೆಲಸ, ಬೇಕಾದ ಹುದ್ದೆ, ಕೊನೆಗೆ ಒಂದು ಪ್ರಶ್ನೆ. ಈ ಪ್ರಶ್ನೆಯೇ ಮುಖ್ಯ, ಯಾಕೆಂದರೆ ಉತ್ತರ ಕೊಡುವಾಗ ಅವರು ತಲೆಯೆತ್ತಿ ನೋಡುತ್ತಾರೆ, ಕೆಲಸದ ಮಾತು ಶುರುವಾಗುತ್ತದೆ. ಅವರು ಕನ್ನಡದಲ್ಲಿ ಮಾತಾಡಿದರೆ ಕನ್ನಡದಲ್ಲೇ ಉತ್ತರಿಸಿ; ಗೊತ್ತಿರುವ ವಿಷಯವನ್ನು ಬಾಯಿಪಾಠದ ಇಂಗ್ಲಿಷ್‌ನಲ್ಲಿ ಹಾಳು ಮಾಡಿಕೊಳ್ಳಬೇಡಿ.

ಗೆಳೆಯರ ಜೊತೆ ಗುಂಪಾಗಿ ಹೋಗಬೇಡಿ. ನಾಲ್ವರು ಒಟ್ಟಿಗೆ ನಿಂತರೆ ಮಾತಾಡುವವನು ಒಬ್ಬನೇ. ಸಂಬಳದ ಮಾತನ್ನು ಅವರೇ ತೆಗೆಯಲಿ. ತೆಗೆದರೆ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಕೇಳಿ ಸುಮ್ಮನಾಗದೆ ಪಿಎಫ್ ಕಳೆದು ಕೈಗೆ ಬರುವುದೆಷ್ಟು, ಶಿಫ್ಟ್ ಹೇಗೆ, ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಅನ್ನುವ ಬಾಂಡ್ ಇದೆಯೇ ಅಂತ ಕೇಳಿ. ನೋಂದಣಿ, ತರಬೇತಿ, ಠೇವಣಿ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹೊರಡುವಾಗ "ಮುಂದಿನ ಸುತ್ತಿನ ಬಗ್ಗೆ ಯಾರನ್ನು ಸಂಪರ್ಕಿಸಲಿ?" ಅಂತ ಕೇಳುತ್ತೇನೆ. ಕಾರ್ಡ್ ಸಿಕ್ಕರೆ ನಾಲ್ಕು ಹೆಜ್ಜೆ ಆಚೆ ಹೋಗಿ ಅದರ ಹಿಂದೆ ಹುದ್ದೆ, ಮಾತಾಡಿದ ವಿಷಯ, ಅವರು ಹೇಳಿದ ದಿನಾಂಕ ಬರೆಯುತ್ತೇನೆ. ಮೂರು ಕಂಪನಿ ದಾಟಿದ ಮೇಲೆ ಯಾರು ಏನು ಹೇಳಿದರು ಅನ್ನುವುದು ಕಲಸಿಹೋಗುತ್ತದೆ. ಮರುದಿನ ಬೆಳಗ್ಗೆ ನಾಲ್ಕು ಸಾಲಿನ ಇಮೇಲ್, ವಿಷಯದ ಜಾಗದಲ್ಲಿ ಹೆಸರು ಮತ್ತು ಹುದ್ದೆ, ಒಳಗೆ ಆ ಸಿಎಂಎಂ ಮಾತಿನ ನೆನಪು, ಜೊತೆಗೆ ರೆಸ್ಯೂಮೆ. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಇನ್ನೊಂದೇ ಒಂದು ಸಲ ಬರೆಯುತ್ತೇನೆ. ಫೋನ್ ಮೇಲೆ ಫೋನ್ ಮಾಡುವುದಿಲ್ಲ.